ಮಿದುಳಿನ ಆಳದಲ್ಲಿ

ಪ್ರಕೃತಿಯು ಮನುಷ್ಯನ ಮಿದುಳನ್ನು ಕಾಪಾಡಿರುವಷ್ಟು ಎಚ್ಚರಿಕೆಯಿಂದ ಬೇರಾವ ಅಂಗವನ್ನೂ ಕಾಪಾಡಿಲ್ಲ. ಹೃದಯಕ್ಕೆ ಪಕ್ಕೆಲುಬುಗಳ ಪಂಜರವಿದೆ. ಹೊಟ್ಟೆಗೆ ಅದೂ ಇಲ್ಲ. ಮಿದುಳಿಗಾದರೋ ಸುತ್ತಲೂ ಗಟ್ಟಿ ಎಲುಬಿನ ಕರಂಡಕ, ಅದರೊಳಗೆ ಮೂರು ಪೊರೆಗಳು, ಪೊರೆಗಳ ನಡುವೆ ತಿಳಿನೀರಿನಂತಹ ದ್ರವ. ಸುಮಾರು 1,400 ಗ್ರಾಂ ತೂಗುವ ಈ ಮೆತ್ತನೆಯ ಅಂಗ ಆ ದ್ರವದಲ್ಲಿ ತೇಲುತ್ತಿರುವಂತೆ ಇರುತ್ತದೆ. ಆದರೆ ಕಾವಲಿಗೆಂದು ಕಟ್ಟಿದ ಕೋಟೆಯೇ ಕೆಲವೊಮ್ಮೆ ಸೆರೆಮನೆಯಾಗುವುದುಂಟು. ಹೊಟ್ಟೆಯಲ್ಲಿ ಗಡ್ಡೆ ಬೆಳೆದರೆ ಹೊಟ್ಟೆ ಹಿಗ್ಗಿ ಅದಕ್ಕೆ ಎಡೆ ಕೊಡುತ್ತದೆ. ಬೆಳೆದ ಮನುಷ್ಯನ ತಲೆಬುರುಡೆ ಕೂದಲೆಳೆಯಷ್ಟೂ ಹಿಗ್ಗದು. ಅದರೊಳಗೆ ನೆಲ್ಲಿಕಾಯಿ ಗಾತ್ರದ ಗಡ್ಡೆಯೊಂದು ಬೆಳೆದರೂ ಆ ಜಾಗವನ್ನು ಮಿದುಳೇ ಬಿಟ್ಟುಕೊಡಬೇಕು.

ಹೀಗೆ ಹುಟ್ಟುವ ಒತ್ತಡ ತನ್ನ ಬರವನ್ನು ಕೆಲವು ಚಿಹ್ನೆಗಳಿಂದ ಸಾರುತ್ತದೆ. ಬೆಳಗ್ಗೆ ಎದ್ದೊಡನೆ ಕಾಡುವ, ವಾರದಿಂದ ವಾರಕ್ಕೆ ಹೆಚ್ಚುವ ತಲೆನೋವು, ಅದರೊಡನೆ ವಾಂತಿ, ದಿನಗಳೆದಂತೆ ಮಸುಕಾಗುವ ದೃಷ್ಟಿ, ಹಿಂದೆಂದೂ ಬಾರದಿದ್ದ ಮೂರ್ಛೆ, ಒಂದು ಕೈಯಲ್ಲಿಯೋ ಕಾಲಿನಲ್ಲಿಯೋ ಬಲಗುಂದುವಿಕೆ, ಒಂದೇ ಕಿವಿಯ ಕಿವುಡು. ತಲೆನೋವು ಬಂದವರೆಲ್ಲ ಹೆದರಬೇಕಾಗಿಲ್ಲ. ಬಿಸಿಲು, ನಿದ್ದೆಗೇಡು, ಕಣ್ಣಿನ ದೋಷ ಇವೇ ಬಹುಪಾಲು ತಲೆನೋವುಗಳ ಮೂಲ. ಚಿಹ್ನೆಗಳು ಒಂದರ ಮೇಲೊಂದು ಕೂಡಿ ಬಂದಾಗ ಮಾತ್ರ ವೈದ್ಯರು ಗಡ್ಡೆಯನ್ನು ಶಂಕಿಸುತ್ತಾರೆ.

ಗಡ್ಡೆ ಎಲ್ಲಿ ಬೆಳೆದಿದೆ ಎಂಬುದರ ಮೇಲೆ ರೋಗಿಯ ಭವಿಷ್ಯ ಬಹುಮಟ್ಟಿಗೆ ನಿಂತಿದೆ. ಮಿದುಳಿನ ಮೇಲ್ಮೈಯ ಗಡ್ಡೆ ಬುರುಡೆಯನ್ನು ತೆರೆದೊಡನೆ ಕಣ್ಣಿಗೆ ಬೀಳುತ್ತದೆ. ಆಳದ ಗಡ್ಡೆ ಹಾಗಲ್ಲ. ಮಿದುಳಿನ ನಟ್ಟನಡುವೆ ದ್ರವ ತುಂಬಿದ ಕುಹರಗಳಿವೆ. ಮೂರನೆಯ ಕುಹರದ ಇಕ್ಕೆಲಗಳಲ್ಲಿ ಥಲಮಸ್, ಹಿಂಬದಿಗೆ ಪೀನಿಯಲ್ ಗ್ರಂಥಿ, ಕೆಳಗೆ ಪಿಟ್ಯುಟರಿ ಗ್ರಂಥಿ, ಅವುಗಳ ಹಿಂದೆ ಹೆಬ್ಬೆರಳಿನ ಗಾತ್ರದ ಮಿದುಳಿನ ಕಾಂಡ. ಉಸಿರಾಟ, ಎದೆಬಡಿತ, ನುಂಗುವಿಕೆ, ಎಚ್ಚರ ಇವೆಲ್ಲವೂ ಆ ಕಾಂಡದ ಅಧೀನ. ಇಲ್ಲಿಗೆ ತಲಪಬೇಕಾದ ಶಸ್ತ್ರವೈದ್ಯನು ಮಾತು, ನೋಟ, ಚಲನೆಗಳನ್ನು ಆಳುವ ಭಾಗಗಳ ಸಂದಿನಲ್ಲಿಯೇ ದಾರಿ ಮಾಡಿಕೊಳ್ಳಬೇಕು. ಬೆಣ್ಣೆಯಿಂದ ಕೂದಲು ತೆಗೆದಂತೆ ಎಂಬ ಮಾತನ್ನು ನಾವು ಸಲೀಸಾದ ಕೆಲಸಕ್ಕೆ ಬಳಸುತ್ತೇವೆ. ಬೆಣ್ಣೆಗೆ ನೆನಪಿನ ಶಕ್ತಿಯಿದ್ದು, ಕೂದಲು ಅದರೊಳಗೆ ಬೇರುಬಿಟ್ಟಿದ್ದರೆ ಆ ಕೆಲಸ ಎಷ್ಟು ಕಠಿನವಾಗುತ್ತಿತ್ತೋ ಇದು ಅಷ್ಟು ಕಠಿನ.

ತಲೆಬುರುಡೆಯನ್ನು ತೆರೆಯುವ ಸಾಹಸ ಇಂದಿನದಲ್ಲ. ಕಾಶ್ಮೀರದ ಬುರ್ಜಹೋಮ್ ಎಂಬಲ್ಲಿ ನವಶಿಲಾಯುಗದ, ರಂಧ್ರ ಕೊರೆದ ಕಪಾಲವೊಂದು ದೊರೆತಿದೆ. ಬುದ್ಧನ ಕಾಲದ ವೈದ್ಯ ಜೀವಕನು ರಾಜಗೃಹದ ಶ್ರೇಷ್ಠಿಯೊಬ್ಬನ ತಲೆಯನ್ನು ತೆರೆದು ಎರಡು ಕ್ರಿಮಿಗಳನ್ನು ಹೊರತೆಗೆದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಆದರೆ ಮಿದುಳಿನೊಳಗಿನ ಗಡ್ಡೆ ಎಲ್ಲಿದೆಯೆಂದು ಹೊರಗಿನಿಂದಲೇ ತರ್ಕಿಸಿ, ಅಲ್ಲಿಯೇ ತೆರೆದು, ಅದನ್ನು ತೆಗೆದ ಘಟನೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ್ದು.

1879ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯುಯೆನ್ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳ ಮಿದುಳ ಪೊರೆಯಿಂದ ಗಡ್ಡೆಯನ್ನು ತೆಗೆದನು. ಆಕೆ ಎಂಟು ವರ್ಷ ಬದುಕಿದಳು. ತೀರಿಕೊಂಡದ್ದು ಮೂತ್ರಪಿಂಡದ ಬೇರೊಂದು ಬೇನೆಯಿಂದ. ಶವವನ್ನು ಪರೀಕ್ಷಿಸಿದಾಗ ಗಡ್ಡೆ ಮರಳಿ ಬೆಳೆದಿರಲಿಲ್ಲ. ಇದಾಗಿ ಐದು ವರ್ಷಕ್ಕೆ, 1884ರ ನವೆಂಬರ್ 25ರಂದು, ಲಂಡನ್ನಿನಲ್ಲಿ ಇಪ್ಪತ್ತೈದು ವರ್ಷದ ರೈತನೊಬ್ಬನಿಗೆ ರಿಕ್ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯನು ಚಿಕಿತ್ಸೆ ನಡೆಸಿದನು. ಆಗ ಕ್ಷಕಿರಣದ ಶೋಧವೇ ಆಗಿರಲಿಲ್ಲ. ರೈತನ ಎಡಗೈ ಬಲಗುಂದಿದ ಕ್ರಮವನ್ನು ಗಮನಿಸಿ, ಹ್ಯೂಸ್ ಬೆನೆಟ್ ಎಂಬ ನರರೋಗವೈದ್ಯನು, ಗಡ್ಡೆ ಮಿದುಳಿನ ಬಲ ಅರ್ಧಗೋಳದ ಇಂಥದೇ ಸ್ಥಳದಲ್ಲಿರಬೇಕೆಂದು ಬೆರಳಿಟ್ಟು ತೋರಿಸಿದ್ದನು. ಬುರುಡೆ ತೆರೆದಾಗ ಮೇಲ್ಮೈಗೆ ಏನೂ ಕಾಣಲಿಲ್ಲ. ಗಾಡ್ಲಿ ಧೈರ್ಯಗೆಡದೆ ಕಾಲಂಗುಲದಷ್ಟು ಕೆಳಕ್ಕೆ ಸೀಳಿದಾಗ ಅಕ್ರೋಟು ಕಾಯಿಯ ಗಾತ್ರದ ಗಡ್ಡೆ ಅಲ್ಲಿಯೇ ಇತ್ತು! ತರ್ಕಕ್ಕೆ ಇಂತಹ ಗೆಲುವು ದೊರೆಯುವುದು ಅಪರೂಪ. ಆದರೂ ಗಾಯಕ್ಕೆ ನಂಜೇರಿ ಆ ರೈತನು ಇಪ್ಪತ್ತೆಂಟು ದಿನಗಳಲ್ಲಿ ಮರಣಹೊಂದಿದನು. ಗಡ್ಡೆಯನ್ನು ಕಂಡುಹಿಡಿಯುವುದು ಒಂದು ವಿದ್ಯೆ, ರೋಗಿಯನ್ನು ಬದುಕಿಸುವುದು ಇನ್ನೊಂದು ವಿದ್ಯೆ ಎಂಬುದು ಲಂಡನ್ನಿನ ಆ ಒಂದೇ ತಿಂಗಳಲ್ಲಿ ಸ್ಪಷ್ಟವಾಯಿತು.

ಎರಡನೆಯ ವಿದ್ಯೆಗೆ ತಳಹದಿ ಹಾಕಿದವನು ಅಮೆರಿಕದ ಹಾರ್ವಿ ಕುಶಿಂಗ್ (1869–1939). ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನ ಅದರಿಂದಲೇ ಸಾಯುತ್ತಿದ್ದರು. ರಕ್ತಸ್ರಾವವೇ ಮುಖ್ಯ ಶತ್ರು. ಮಿದುಳಿನ ರಕ್ತನಾಳಗಳನ್ನು ದಾರದಿಂದ ಕಟ್ಟುವಂತಿಲ್ಲ. ಅವು ಅಷ್ಟು ನವಿರು. ಕುಶಿಂಗ್ 1911ರಲ್ಲಿ ಪುಟ್ಟ ಬೆಳ್ಳಿಯ ಚಿಮಟಗಳನ್ನು ಬಳಕೆಗೆ ತಂದನು. 1926ರಲ್ಲಿ ಭೌತವಿಜ್ಞಾನಿ ಬೋವಿಯ ನೆರವಿನಿಂದ, ವಿದ್ಯುತ್ತಿನ ಶಾಖದಿಂದ ರಕ್ತನಾಳಗಳನ್ನು ಮುಚ್ಚತೊಡಗಿದನು. ಹಿಂದೆ ರಕ್ತ ಹರಿಯಿತೆಂದು ಅರ್ಧಕ್ಕೇ ಕೈಬಿಟ್ಟಿದ್ದ ರೋಗಿಗಳನ್ನು ಮರಳಿ ಕರೆಸಿ ಕೆಲಸ ಪೂರೈಸಿದನು. ತನ್ನ ಎರಡು ಸಾವಿರದ ಗಡ್ಡೆಯನ್ನು ಅವನು ತೆಗೆದದ್ದು 1931ರಲ್ಲಿ. ಆ ವೇಳೆಗೆ ಅವನ ಕೈಯಲ್ಲಿ ಸಾವಿನ ಪ್ರಮಾಣ ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿದಿತ್ತು.

ಅವನ ರೋಗಿಗಳಲ್ಲಿ ಲೆನರ್ಡ್ ವುಡ್ ಎಂಬ ಸೇನಾಧಿಪತಿಯ ಕಥೆ ಪ್ರಸಿದ್ಧವಾದುದು. 1910ರಲ್ಲಿ ಕುಶಿಂಗ್ ಆತನ ಮಿದುಳ ಪೊರೆಯ ಗಡ್ಡೆಯನ್ನು ತೆಗೆದನು. ಅನಂತರ ವುಡ್ ಅಮೆರಿಕದ ಭೂಸೇನೆಯ ಮುಖ್ಯಸ್ಥನಾಗಿ ಕೆಲಸ ಮಾಡಿದನು, 1921ರಿಂದ ಫಿಲಿಪೀನ್ಸ್ ದ್ವೀಪಗಳ ಗವರ್ನರ್ ಜನರಲ್ ಆಗಿ ಆಡಳಿತ ನಡೆಸಿದನು. ಗಡ್ಡೆ ಮೆಲ್ಲಮೆಲ್ಲನೆ ಮರಳಿತು. 1927ರ ಆಗಸ್ಟ್‌ನಲ್ಲಿ ಮತ್ತೆ ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ಅವನು ಕಣ್ಮುಚ್ಚಿದನು. ಮೊದಲ ಚಿಕಿತ್ಸೆಯಿಂದ ಅವನಿಗೆ ದೊರೆತದ್ದು ಹದಿನೇಳು ವರ್ಷ. ಇದನ್ನು ಗೆಲುವೆನ್ನಬೇಕೆ, ಸೋಲೆನ್ನಬೇಕೆ? ಹದಿನೇಳು ವರ್ಷ ದುಡಿದು ಬಾಳಿದವನನ್ನು ಸೋತವನೆಂದು ಕರೆಯಲು ಯಾರಿಗೂ ಮನಸ್ಸು ಬಾರದು.

ಗಡ್ಡೆಯನ್ನು ಎಷ್ಟು ತೆಗೆಯಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಅದನ್ನು ಕುರಿತು ಕುಶಿಂಗ್‌ಗೂ ಅವನ ಕೈಕೆಳಗೆ ಕಲಿತ ವಾಲ್ಟರ್ ಡ್ಯಾಂಡಿಗೂ ತೀವ್ರವಾದ ವಿವಾದ ನಡೆಯಿತು. ಕಿವಿಯ ನರದ ಮೇಲೆ, ಮಿದುಳಿನ ಕಾಂಡಕ್ಕೆ ಒತ್ತಿಕೊಂಡು ಬೆಳೆಯುವ ಗಡ್ಡೆಯೊಂದಿದೆ. ಅದರ ಸಿಪ್ಪೆಯನ್ನು ಮುಟ್ಟದೆ ಒಳಗಿನ ತಿರುಳನ್ನಷ್ಟೇ ಕೆರೆದು ತೆಗೆಯಬೇಕು, ಸಿಪ್ಪೆಯನ್ನು ಎಳೆದರೆ ಕಾಂಡಕ್ಕೆ ಅಪಾಯ ಎಂಬುದು ಕುಶಿಂಗನ ಮತ. ಸಿಪ್ಪೆ ಉಳಿದರೆ ಗಡ್ಡೆ ಮತ್ತೆ ಚಿಗುರುತ್ತದೆ, ಆದ್ದರಿಂದ ಸಮೂಲವಾಗಿ ಕೀಳಬೇಕು ಎಂಬುದು ಡ್ಯಾಂಡಿಯ ಹಟ. 1922ರ ವೇಳೆಗೆ ಅವನು ಹಾಗೆ ಮಾಡಿಯೂ ತೋರಿಸಿದನು. ಆದರೆ ಆ ಚಿಕಿತ್ಸೆಯಲ್ಲಿ ಪಕ್ಕದ ಮುಖದ ನರ ಅನೇಕ ವೇಳೆ ಕಡಿದುಹೋಗಿ, ರೋಗಿಯ ಮುಖದ ಒಂದು ಪಕ್ಕ ಜೋತುಬೀಳುತ್ತಿತ್ತು. ಗುರುವಿನ ರೋಗಿಗೆ ಕೆಲವು ವರ್ಷಗಳ ನೆಮ್ಮದಿ. ಶಿಷ್ಯನ ರೋಗಿಗೆ ದೀರ್ಘಾಯುಷ್ಯ, ಆದರೆ ಕಣ್ಣು ಮುಚ್ಚಲಾರದ, ನಗಲಾರದ ಮುಖ. ಇಬ್ಬರೂ ಸರಿಯೇ. ಇಬ್ಬರಿಗೂ ಕೊರತೆಯಾಗಿದ್ದದ್ದು ಕೌಶಲವಲ್ಲ, ಕಣ್ಣು.

ಡ್ಯಾಂಡಿಯೇ ಆ ಕಣ್ಣನ್ನು ಒದಗಿಸುವ ಯತ್ನವನ್ನು ಮೊದಲು ಮಾಡಿದ್ದನೆಂಬುದು ಸ್ವಾರಸ್ಯದ ಸಂಗತಿ. 1918ರಲ್ಲಿ ಅವನು ಮಿದುಳಿನ ಕುಹರಗಳೊಳಕ್ಕೆ ಗಾಳಿ ತುಂಬಿ ಕ್ಷಕಿರಣ ಚಿತ್ರ ತೆಗೆದನು. ಗಡ್ಡೆ ಕಾಣದಿದ್ದರೂ ಅದು ತಳ್ಳಿದ ಕುಹರದ ಓರೆಯಾದ ಆಕಾರ ಕಾಣುತ್ತಿತ್ತು. ಮೂರನೆಯ ಕುಹರದ ಗಡ್ಡೆಗಳನ್ನು ಅರಸಿ ತೆಗೆಯುವ ಧೈರ್ಯ ಅವನಿಗೆ ಬಂದದ್ದು ಈ ಚಿತ್ರಗಳಿಂದ. 1933ರಲ್ಲಿ ಆ ಕುಹರದ ಗಡ್ಡೆಗಳನ್ನು ಕುರಿತೇ ಒಂದು ಪುಸ್ತಕ ಬರೆದನು. ಆದರೆ ರೋಗಿಗೆ ಆ ಪರೀಕ್ಷೆ ಬಲು ಯಾತನೆಯದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್‌ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ರಚಿಸಿದ ಯಂತ್ರ ಗಡ್ಡೆಯ ಶಂಕೆಯಿದ್ದ ಮಹಿಳೆಯೊಬ್ಬಳ ಮಿದುಳನ್ನು ಹೋಳುಹೋಳಾಗಿ ತೋರಿಸಿತು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಕಂಪನಿಯೊಂದರ ನೌಕರ ಆತ! ಇದೇ ಸಿ.ಟಿ. ಸ್ಕ್ಯಾನ್. ಆ ಬಳಿಕ ಬಂದ ಎಂ.ಆರ್.ಐ. ಆಳದ ಭಾಗಗಳನ್ನು ಇನ್ನೂ ತಿಳಿಯಾಗಿ ತೋರುತ್ತದೆ.

ಹೊರಗಿನಿಂದ ನೋಡುವ ಕಣ್ಣು ಅದಾದರೆ, ಶಸ್ತ್ರವೈದ್ಯನ ಕಣ್ಣಿಗೇ ಬಲ ತಂದದ್ದು ಸೂಕ್ಷ್ಮದರ್ಶಕ. 1957ರಲ್ಲಿ ಅಮೆರಿಕದ ಥಿಯೊಡರ್ ಕರ್ಜ್ ಅದರ ಅಡಿಯಲ್ಲಿ ಬಾಲಕನೊಬ್ಬನ ಮುಖದ ನರದ ಗಡ್ಡೆಯನ್ನು ತೆಗೆದನು. ತುರ್ಕಿ ಮೂಲದ ಯಾಶರ್‌ಗಿಲ್ 1967ರಿಂದ ಜ್ಯೂರಿಕ್ ನಗರದಲ್ಲಿ ಆ ವಿಧಾನವನ್ನು ಪರಿಪೂರ್ಣಗೊಳಿಸಿ ಲೋಕದ ಶಸ್ತ್ರವೈದ್ಯರಿಗೆ ಕಲಿಸಿದನು. ಮಿದುಳನ್ನು ಸೀಳದೆ, ಅದರ ಮಡಿಕೆಗಳ ನಡುವಿನ ಸಹಜವಾದ ಸಂದುಗಳನ್ನೇ ಬಿಡಿಸಿಕೊಂಡು ಆಳಕ್ಕೆ ಇಳಿಯಬಹುದೆಂದು ಆಗ ತಿಳಿಯಿತು. ಕುಶಿಂಗ್ ಮತ್ತು ಡ್ಯಾಂಡಿಯರ ವಿವಾದವೂ ಬಹುಮಟ್ಟಿಗೆ ತಣ್ಣಗಾಯಿತು. ಸಿಪ್ಪೆಯನ್ನೂ ತೆಗೆದು ಮುಖದ ನರವನ್ನೂ ಉಳಿಸುವುದು ಬಹಳ ರೋಗಿಗಳಲ್ಲಿ ಸಾಧ್ಯವಾಯಿತು. ಪಿಟ್ಯುಟರಿ ಗಡ್ಡೆಗಳಿಗೆ ಇಂದು ಬುರುಡೆಯನ್ನು ತೆರೆಯುವುದೇ ವಿರಳ. ಮೂಗಿನ ಹೊಳ್ಳೆಯ ಮೂಲಕವೇ ಅಲ್ಲಿಗೆ ದಾರಿಯಿದೆ. ಮೂಗಿನ ಕಡೆಯಿಂದ ಸಾಗುವ ಆ ಮಾರ್ಗವನ್ನು ಆಸ್ಟ್ರಿಯಾದ ಷ್ಲೋಫರ್ 1907ರಲ್ಲಿಯೇ ಹಿಡಿದಿದ್ದನು.

ಇನ್ನೊಂದು ಬಗೆಯ ಚಿಕಿತ್ಸೆ ಕೇಳಿದವರನ್ನು ಬೆರಗುಗೊಳಿಸುತ್ತದೆ. ಮಿದುಳಿಗೆ ನೋವಿನ ಅರಿವಿಲ್ಲ. ಆದ್ದರಿಂದ ಮಾತಿನ ಕೇಂದ್ರದ ಬಳಿ ಗಡ್ಡೆಯಿದ್ದರೆ, ನೆತ್ತಿಯ ಚರ್ಮವನ್ನಷ್ಟೇ ಮರಗಟ್ಟಿಸಿ, ರೋಗಿಯನ್ನು ಎಚ್ಚರವಾಗಿಟ್ಟು ಮಾತನಾಡಿಸುತ್ತಾರೆ. ಸಣ್ಣ ವಿದ್ಯುತ್ ಸ್ಪರ್ಶ ತಾಗಿಸಿದಾಗ ಮಾತು ತಡವರಿಸಿದರೆ ಆ ಸ್ಥಳವನ್ನು ಮುಟ್ಟುವುದಿಲ್ಲ. ರೋಗಿ ಎರಡು ಮೂರು ಭಾಷೆಗಳನ್ನು ಬಲ್ಲವನಾದರೆ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಯಾದಗಿರಿ ಸೀಮೆಯವರಿಗೆ ಈ ಮಾತು ಹೆಚ್ಚು ಅರ್ಥವಾದೀತು.

ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆ ಬೇರೂರಿದ್ದು ಸ್ವಾತಂತ್ರ್ಯ ಬಂದ ಮೇಲೆ. 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿಯವರು, 1950ರಲ್ಲಿ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರು ಇದಕ್ಕೆ ನಾಂದಿ ಹಾಡಿದರು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1958ರಲ್ಲಿ ಡಾ. ಆರ್. ಎಂ. ವರ್ಮಾ ಅವರ ನೇತೃತ್ವದಲ್ಲಿ ಅಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ತೆರೆಯಿತು. ಕಂಪವಾತದ ರೋಗಿಗಳಿಗೆ, ಬುರುಡೆಯನ್ನು ತೆರೆಯದೆ, ಕಪಾಲದ ತಳದ ಸಹಜ ರಂಧ್ರವೊಂದರ ಮೂಲಕ ಸೂಜಿಯನ್ನು ಆಳದ ಗುರಿಗೆ ಮುಟ್ಟಿಸುವ ವಿಧಾನದಿಂದ ಅವರು ಹೆಸರಾದರು. 1972ರಲ್ಲಿ ಪದ್ಮಶ್ರೀ ಪುರಸ್ಕಾರ ಅವರಿಗೆ ಸಂದಿತು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ಕರ್ನಾಟಕದವರಷ್ಟೇ ಅಲ್ಲ, ನೆರೆಯ ರಾಜ್ಯಗಳವರೂ ಸರತಿ ಕಾಯುತ್ತಾರೆ.

ಆ ಸಾಲನ್ನು ಸೇರುವುದು ಎಲ್ಲರಿಗೂ ಒಂದೇ ಸಮನಾಗಿ ಸುಲಭವಲ್ಲ. ಯಾದಗಿರಿ ತಾಲ್ಲೂಕಿನ ಬಳಿಚಕ್ರದಂತಹ ಊರನ್ನು ಎಣಿಸಿಕೊಳ್ಳಬಹುದು. ತೊಗರಿ, ಜೋಳ, ಹತ್ತಿ ಬೆಳೆಯುವ ಸೀಮೆ. ಅಂಥ ಊರಿನ ರೈತನೊಬ್ಬನಿಗೆ ಹೊಲದಲ್ಲಿ ಮೂರ್ಛೆ ಬಂತೆಂದರೆ ಕೂಡಲೇ ಯಾರೋ ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಾರೆ, ಇನ್ನಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮೂರ್ಛೆ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ ಕೀರ್ತಿ ಬೀಗದ ಕೈಗೆ ಸಲ್ಲುತ್ತದೆ. ಗಾಳಿ ಸೋಂಕಿರಬೇಕೆಂದು ತಾಯಿತ ಕಟ್ಟುವುದೂ ಉಂಟು. ತಲೆನೋವಿಗೆ ಅಂಗಡಿಯ ಗುಳಿಗೆ, ದೃಷ್ಟಿ ಮಸುಕಾದರೆ ಕನ್ನಡಕ. ಹೀಗೆ ತಿಂಗಳುಗಳು ಉರುಳುತ್ತವೆ. ಯಾದಗಿರಿಯಲ್ಲಿ ಬೆಂಗಳೂರಿನ ರೈಲು ನಿಲ್ಲುತ್ತದೆ ನಿಜ. ಆದರೆ ರಾಶಿಯ ಕಾಲದಲ್ಲಿ ಹೊಲ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಸುಮಾರು ಐನೂರು ಕಿಲೋಮೀಟರು ಆಚೆಯ ಊರಿನಲ್ಲಿ ವಾರಗಟ್ಟಲೆ ತಂಗುವುದು ಕೂಲಿ ಮಾಡುವ ಮನೆಗೆ ಸಣ್ಣ ಮಾತಲ್ಲ. ಕಿವಿಯ ನರದ ಗಡ್ಡೆಯಂತಹವು ನಮ್ಮ ದೇಶದ ಆಸ್ಪತ್ರೆಗಳಿಗೆ ಬಹಳ ದೊಡ್ಡದಾಗಿ ಬೆಳೆದ ಮೇಲೆ ಬರುವುದಕ್ಕೆ ಇದೇ ಮುಖ್ಯ ಕಾರಣ. ಬಹುಕಾಲದ ಒತ್ತಡದಿಂದ ಕಣ್ಣಿನ ನರ ಒಮ್ಮೆ ಒಣಗಿತೆಂದರೆ, ಗಡ್ಡೆಯನ್ನು ಪೂರ್ತಿ ತೆಗೆದರೂ ದೃಷ್ಟಿ ಮರಳದು. ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು, ಇಂತಹ ಬೇನೆಗಳನ್ನು ಜಿಲ್ಲೆಯ ಮಟ್ಟದಲ್ಲಿಯೇ ಗುರುತಿಸುವ ಉದ್ದೇಶದಿಂದ.

ಚಿತ್ರದಲ್ಲಿ ಕಂಡ ಬಿಳಿಯ ಚುಕ್ಕೆಯೆಲ್ಲ ಶಸ್ತ್ರವನ್ನು ಬೇಡುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕ್ಷಯರೋಗ ಮಿದುಳಿನಲ್ಲಿ ಗಂಟು ಕಟ್ಟುವುದುಂಟು. ಹಿಂದೆ ಭಾರತದಲ್ಲಿ ಮಿದುಳಿನ ಗಡ್ಡೆಯೆಂದು ತೆಗೆದವುಗಳಲ್ಲಿ ಅಂಥವು ಬಹಳ ಇದ್ದವು. ಕ್ಷಯದ ಔಷಧಿಗಳು ಬಂದ ಮೇಲೆ ಅನೇಕವು ಗುಳಿಗೆಗಳಿಂದಲೇ ಕರಗುತ್ತವೆ. ಲಾಡಿಹುಳುವಿನ ಮೊಟ್ಟೆಗಳು ಕೊಳೆನೀರಿನ ಮೂಲಕವೋ ತೊಳೆಯದ ತರಕಾರಿಯ ಮೂಲಕವೋ ಹೊಟ್ಟೆ ಸೇರಿದರೆ ಅವುಗಳ ಮರಿಗಳು ಮಿದುಳಿನಲ್ಲಿಯೂ ಗೂಡು ಕಟ್ಟಿ ಮೂರ್ಛೆ ತರುತ್ತವೆ. ಅದಕ್ಕೂ ಬಹುಪಾಲು ಔಷಧಿಯೇ ಸಾಕು.

ನಿಜವಾದ ಗಡ್ಡೆಯಿದ್ದವರ ಆಯುಷ್ಯ ಗಡ್ಡೆಯ ಜಾತಿಯನ್ನು ಅವಲಂಬಿಸುತ್ತದೆ. ಮಿದುಳ ಪೊರೆಯ ಗಡ್ಡೆ ಸಾಮಾನ್ಯವಾಗಿ ಸಾಧು. 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ಎಂಬ ಶಸ್ತ್ರವೈದ್ಯನು ನೂರಾರು ರೋಗಿಗಳ ಇತಿಹಾಸವನ್ನು ಕೂಡಿಸಿ ನೋಡಿದನು. ಗಡ್ಡೆಯನ್ನು ಅದು ಅಂಟಿದ್ದ ಪೊರೆಯೊಡನೆ ತೆಗೆದಲ್ಲಿ ಶೇಕಡ 9 ಮಂದಿಗೆ ಅದು ಮರಳಿತ್ತು. ಪೊರೆಯನ್ನು ಸುಟ್ಟು ಬಿಟ್ಟಲ್ಲಿ ಶೇಕಡ 19. ಹಾಗೆಯೇ ಬಿಟ್ಟಲ್ಲಿ ಶೇಕಡ 29. ಮಕ್ಕಳ ಅನುಮಸ್ತಿಷ್ಕದಲ್ಲಿ ಬೆಳೆಯುವ ಒಂದು ಬಗೆಯ ಸಾಧು ಗಡ್ಡೆಯನ್ನು ಪೂರ್ತಿಯಾಗಿ ತೆಗೆದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹತ್ತು ವರ್ಷಗಳ ಮೇಲೂ ಬದುಕಿರುತ್ತಾರೆ. ಇದಕ್ಕೆ ವಿರುದ್ಧವಾದ ತುದಿಯಲ್ಲಿ ಗ್ಲಯೋಬ್ಲಾಸ್ಟೋಮ ಎಂಬ ಅರ್ಬುದವಿದೆ. ಅದಕ್ಕೆ ಅಂಚೆಂಬುದಿಲ್ಲ, ಹೊಲದಲ್ಲಿ ಗರಿಕೆಯ ಬೇರು ಹರಡಿದಂತೆ ಹರಡಿರುತ್ತದೆ. ಕಂಡದ್ದನ್ನೆಲ್ಲ ತೆಗೆದರೂ ಕಾಣದ್ದು ಉಳಿಯುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣವನ್ನಷ್ಟೇ ಪಡೆದವರ ಮಧ್ಯಮ ಆಯುಷ್ಯ 12.1 ತಿಂಗಳು, ಜೊತೆಗೆ ಔಷಧಿಯನ್ನೂ ಪಡೆದವರದು 14.6 ತಿಂಗಳು. ಅಂತರ ಎರಡೂವರೆ ತಿಂಗಳಷ್ಟೇ ಎಂದು ಮೂಗು ಮುರಿಯಬಹುದು. ಐದು ವರ್ಷಗಳ ಲೆಕ್ಕ ನೋಡಿದಾಗ ಮೊದಲ ಗುಂಪಿನಲ್ಲಿ ಉಳಿದವರು ನೂರಕ್ಕೆ ಇಬ್ಬರು, ಎರಡನೆಯದರಲ್ಲಿ ಸುಮಾರು ಹತ್ತು ಮಂದಿ.

ಇಂತಹ ಲೆಕ್ಕ ಇಡಬೇಕೆಂಬ ಶ್ರದ್ಧೆಯನ್ನು ಕಲಿಸಿದವನೂ ಕುಶಿಂಗನೇ. ಚಿಕಿತ್ಸೆ ಮುಗಿದು ಮನೆಗೆ ಹೋದವರು ಹೇಗಿದ್ದಾರೆಂದು ಅವನು ಪತ್ರ ಬರೆದು ವಿಚಾರಿಸುತ್ತಿದ್ದನು. ಅವನ ಸಹೋದ್ಯೋಗಿ ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ ಪ್ರತಿಯೊಬ್ಬರ ಗಡ್ಡೆ, ಚಿಕಿತ್ಸೆ, ಮುಂದಿನ ಬಾಳು ಇವನ್ನು ದಾಖಲಿಸುತ್ತ ಹೋದಳು. ಆ ಸಂಗ್ರಹ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇದೆ. ನಮ್ಮ ನಾಡಿನಲ್ಲಿ ಈ ಕೆಲಸ ಕಷ್ಟದ್ದು. ಗುಣವಾಯಿತೆಂದು ತೋರಿದೊಡನೆ ದೂರದ ಊರಿನ ರೋಗಿ ಮರಳಿ ಬರುವುದಿಲ್ಲ. ಬಂದರೆ ದಿನಗೂಲಿ ಹೋಗುತ್ತದೆ. ಬಾರದವನು ಸುಖವಾಗಿದ್ದಾನೆಯೋ ಇಲ್ಲವೋ ಆಸ್ಪತ್ರೆಗೆ ತಿಳಿಯುವ ಬಗೆಯಿಲ್ಲ. ಸಾಧು ಗಡ್ಡೆಯಾದರೂ ಹತ್ತು ಹದಿನೈದು ವರ್ಷಗಳ ಮೇಲೆ ತಲೆಯೆತ್ತಬಹುದಾದ್ದರಿಂದ ಕಾಲಕಾಲಕ್ಕೆ ಚಿತ್ರ ತೆಗೆಸಿ ಹಳೆಯ ಚಿತ್ರದೊಡನೆ ಹೋಲಿಸಬೇಕು. ವಿಕಿರಣ ಚಿಕಿತ್ಸೆಗಾದರೆ ಯಾದಗಿರಿಯವರು ಪ್ರತಿ ಸಲವೂ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಕಿದ್ವಾಯಿ ಗಂತಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ.

ಮಕ್ಕಳ ವಿಷಯದಲ್ಲಿ ಈ ದೀರ್ಘಕಾಲದ ಪಾಲನೆ ಇನ್ನೂ ಮುಖ್ಯ. ಮೆಡುಲೋಬ್ಲಾಸ್ಟೋಮ ಎಂಬ ಉಗ್ರ ಗಡ್ಡೆಗೆ ತುತ್ತಾದ ಮಗು ಒಂದು ಕಾಲದಲ್ಲಿ ಉಳಿಯುತ್ತಲೇ ಇರಲಿಲ್ಲ. ಇಂದು ಶಸ್ತ್ರ, ವಿಕಿರಣ, ಔಷಧಿ ಮೂರನ್ನೂ ಕ್ರಮವಾಗಿ ಪಡೆದವರಲ್ಲಿ ಹತ್ತಕ್ಕೆ ಏಳು ಮಕ್ಕಳು ಐದು ವರ್ಷಗಳನ್ನು ದಾಟುತ್ತಾರೆ. ಆದರೆ ಬೆಳೆಯುವ ಮಿದುಳಿಗೆ ವಿಕಿರಣ ಹಿತವಲ್ಲ. ಮೂರು ವರ್ಷದೊಳಗಿನ ಕೂಸುಗಳಿಗೆ ಅದನ್ನು ಆದಷ್ಟು ಕೊಡುವುದಿಲ್ಲ. ದೊಡ್ಡ ಮಕ್ಕಳಲ್ಲಿಯೂ ಎತ್ತರ ಕುಂಠಿತವಾಗಬಹುದು, ಕಿವಿ ಮಂದವಾಗಬಹುದು, ಹೊಸ ಪಾಠ ನೆನಪಿನಲ್ಲಿ ನಿಲ್ಲಲು ತಡವಾಗಬಹುದು. ಗಡ್ಡೆಯನ್ನು ಗೆದ್ದು ಮತ್ತೆ ಶಾಲೆಗೆ ಬಂದ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಯ ಬೀಜಗಣಿತದ ಲೆಕ್ಕವೊಂದಕ್ಕೆ ಪಕ್ಕದವಳಿಗಿಂತ ಎರಡರಷ್ಟು ಹೊತ್ತು ತೆಗೆದುಕೊಂಡರೆ ಅದು ಸೋಮಾರಿತನವಲ್ಲ. ಅವಳಿಗೆ ಮುಂದಿನ ಬೆಂಚಿನಲ್ಲಿ ಜಾಗ ಬೇಕು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಬೇಕು, ಆಸ್ಪತ್ರೆಗೆ ಹೋದ ದಿನಗಳ ಟಿಪ್ಪಣಿಯನ್ನು ಬರೆದುಕೊಡುವ ಗೆಳತಿಯೊಬ್ಬಳು ಬೇಕು.